ಬೆಂಗಳೂರಿನಲ್ಲಿ ಮಗುವಿಗೆ ಪ್ರಿ-ಸ್ಕೂಲ್ ಹುಡುಕುವವರಿಗೆ: ಬೆಳಿಗ್ಗೆ ಹತ್ತೂವರೆಗೆ ಹೋಗಿ ನೋಡಬೇಕಾದ ಸಂಗತಿಗಳು

ವಿಜಯದಶಮಿಯಂದು ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಅಕ್ಷರಾಭ್ಯಾಸ ಮಾಡಿಸಿದ ಮನೆಗಳಲ್ಲಿ, ದೀಪಾವಳಿಯ ಹೊತ್ತಿಗೆ ಇನ್ನೊಂದು ಮಾತು ಶುರುವಾಗಿರುತ್ತದೆ: ಯಾವ ಪ್ರಿ-ಸ್ಕೂಲಿಗೆ ಸೇರಿಸುವುದು? ಜೂನ್‌ನಲ್ಲಿ ಆರಂಭವಾಗುವ ತರಗತಿಗೆ ಬೆಂಗಳೂರಿನಲ್ಲಿ ಹಿಂದಿನ ನವೆಂಬರ್‌ನಿಂದಲೇ ಅರ್ಜಿ ತುಂಬುವ ರೂಢಿ ಇರುವುದರಿಂದ ಮಾತು ಬೇಗ ಅವಸರಕ್ಕೆ ತಿರುಗುತ್ತದೆ. ಬಡಾವಣೆಗೊಂದು ಮಹಿಳಾ ಸಮಾಜ, ಆ ಸಮಾಜಕ್ಕೊಂದು ಶಿಶುವಿಹಾರ ಇದ್ದ ಕಾಲದಲ್ಲಿ ಹತ್ತಿರದ್ದಕ್ಕೆ ಕಳುಹಿಸಿದರೆ ಮುಗಿಯುತ್ತಿತ್ತು. ಈಗ ಒಂದೇ ಮುಖ್ಯರಸ್ತೆಯಲ್ಲಿ ನಾಲ್ಕು ಬಣ್ಣದ ಬೋರ್ಡುಗಳಿರುತ್ತವೆ, ನಾಲ್ಕರಲ್ಲೂ ನಗುವ ಮಕ್ಕಳ ಚಿತ್ರವಿರುತ್ತದೆ.

ನನ್ನ ಇಬ್ಬರು ಮಕ್ಕಳಿಗಾಗಿ, ಆಮೇಲೆ ತಂಗಿಯ ಮಗಳಿಗಾಗಿ ನಾನು ಹನ್ನೊಂದು ಪ್ರಿ-ಸ್ಕೂಲುಗಳ ಮೆಟ್ಟಿಲು ಹತ್ತಿದ್ದೇನೆ. ಮೊದಲ ಸಲ ಕಟ್ಟಡ, ಆಟಿಕೆ, ಪಠ್ಯಕ್ರಮದ ಹೆಸರು ನೋಡಿ ಆರಿಸಿ, ಐದು ತಿಂಗಳ ನಂತರ ಮಗುವನ್ನು ಬಿಡಿಸಬೇಕಾಯಿತು. ಅಲ್ಲಿಂದೀಚೆಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಬೆಳಗಿನ ಆ ಮೂರು ನಾಲ್ಕು ಗಂಟೆ ಮಗುವಿನ ಜೊತೆ ಇರುವ ದೊಡ್ಡವರು ಯಾರು, ಮಗು ಅತ್ತಾಗ ಅಥವಾ ಚಡ್ಡಿ ಒದ್ದೆ ಮಾಡಿಕೊಂಡಾಗ ಅವರು ಏನು ಮಾಡುತ್ತಾರೆ? ಇದಕ್ಕೆ ಉತ್ತರ ಕಚೇರಿಯ ಕೋಣೆಯಲ್ಲಿ ಸಿಗುವುದಿಲ್ಲ. ಆ ಉತ್ತರವನ್ನು ಹುಡುಕುವ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲ ಹಂತ: ವಯಸ್ಸಿನ ಲೆಕ್ಕ

ಶಾಲೆ ಹುಡುಕುವ ಮೊದಲು ಕ್ಯಾಲೆಂಡರ್ ಹಿಡಿದು ಕೂರಬೇಕು. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ಆದೇಶ 2022ರಲ್ಲಿಯೇ ಹೊರಬಿದ್ದಿತು. ಅದು 2025-26ರಿಂದ ಜಾರಿಯಾಗಬೇಕಿದ್ದಾಗ ಪಾಲಕರ ಒತ್ತಾಯದಿಂದಾಗಿ, ಯುಕೆಜಿ ಮುಗಿಸಿದ ಮಕ್ಕಳಿಗೆ ಆ ಸಾಲಿನ ಮಟ್ಟಿಗೆ 5 ವರ್ಷ 5 ತಿಂಗಳಿಗೆ ಸಡಿಲಿಸಲಾಯಿತು. ಅಂದು ತೊಂದರೆಗೆ ಸಿಲುಕಿದವರು ಬಹುಪಾಲು, ಮೂರು ವರ್ಷದ ಹಿಂದೆ ಮಗುವನ್ನು ಬೇಗ ನರ್ಸರಿಗೆ ಸೇರಿಸಿದವರೇ ಆಗಿದ್ದರು. ಸಡಿಲಿಕೆ ಮತ್ತೆ ಸಿಕ್ಕೀತೆಂದು ನಂಬಿಕೊಂಡು ಮಗುವನ್ನು ಸೇರಿಸುವುದು ಜಾಣತನವಲ್ಲ.

ಲೆಕ್ಕವನ್ನು ಹಿಂದಿನಿಂದ ಹಾಕಿದರೆ, ಜೂನ್ 1ಕ್ಕೆ ಯುಕೆಜಿಗೆ 5, ಎಲ್‌ಕೆಜಿಗೆ 4, ನರ್ಸರಿಗೆ 3 ವರ್ಷ ತುಂಬಿರಬೇಕೆಂದಾಗುತ್ತದೆ. 2023ರ ಆಗಸ್ಟ್‌ನಲ್ಲಿ ಹುಟ್ಟಿದ ಮಗುವನ್ನು ತೆಗೆದುಕೊಳ್ಳೋಣ. ಅದನ್ನು 2026ರ ಜೂನ್‌ನಲ್ಲಿ ನರ್ಸರಿಗೆ ಸೇರಿಸಿದರೆ 2029ರ ಜೂನ್‌ನಲ್ಲಿ ಅದಕ್ಕೆ 5 ವರ್ಷ 9 ತಿಂಗಳಷ್ಟೇ ಆಗಿರುತ್ತದೆ, ಒಂದನೇ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. 2027ರ ಜೂನ್‌ನಲ್ಲಿ ಸೇರಿಸಿದರೆ ಮುಂದಿನ ದಾರಿ ಸಲೀಸು. ಕೇಂದ್ರೀಯ ವಿದ್ಯಾಲಯದ ಆಸೆ ಇರುವವರು ಅಲ್ಲಿ ಮಾರ್ಚ್ 31ಕ್ಕೆ 6 ವರ್ಷ ತುಂಬಿರಬೇಕೆಂಬುದನ್ನು ನೆನಪಿಡಬೇಕು. ಪ್ರವೇಶ ವಿಭಾಗದವರು ‘ಎರಡೂವರೆ ಆಗಿದೆಯಲ್ಲ, ನರ್ಸರಿಗೇ ಹಾಕಿ, ಒಂದು ವರ್ಷ ಯಾಕೆ ಹಾಳು ಮಾಡ್ತೀರಿ ಮೇಡಂ’ ಎನ್ನುತ್ತಾರೆ. ವರ್ಷ ಹಾಳಾಗುವುದು ಮೂರು ವರ್ಷ ಕಳೆದ ಮೇಲೆ ಯುಕೆಜಿಯನ್ನು ಎರಡನೆಯ ಸಲ ಓದಿಸಬೇಕಾಗಿ ಬಂದಾಗ. ಅಷ್ಟು ಹೊತ್ತಿಗೆ ಆ ಮಾತು ಹೇಳಿದವರು ಅಲ್ಲಿ ಕೆಲಸದಲ್ಲಿ ಇರುವುದಿಲ್ಲ.

ಮೂರು ತುಂಬದ ಮಗುವನ್ನು ಮನೆಯ ಪರಿಸ್ಥಿತಿಯಿಂದಾಗಿ ಕಳುಹಿಸಲೇಬೇಕಾದರೆ ಅದನ್ನು ಶಾಲೆ ಎಂದುಕೊಳ್ಳದೆ ಡೇ ಕೇರ್ ಎಂದೇ ಭಾವಿಸಿ, ಆ ದೃಷ್ಟಿಯಿಂದಲೇ ಪರೀಕ್ಷಿಸಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು ಮತ್ತು ತಾಯಿಗೆ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಅವಕಾಶ ಕೊಡಬೇಕು ಎಂಬ ನಿಯಮ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದ ಇದೆ. ಕಚೇರಿಯ ಮಾನವ ಸಂಪನ್ಮೂಲ ವಿಭಾಗವನ್ನು ಈ ಬಗ್ಗೆ ಕೇಳದೆಯೇ ಎಷ್ಟೋ ತಾಯಂದಿರು ತಿಂಗಳಿಗೆ ಸಾವಿರಾರು ರೂಪಾಯಿ ಕೊಡುತ್ತಿರುತ್ತಾರೆ.

ಎರಡನೆಯ ಹಂತ: ದೂರ

ಇದು ಚಿಕ್ಕ ಮಾತು, ಆದರೆ ರಾಜಿ ಮಾಡಿಕೊಳ್ಳಬಾರದ ಮಾತು. ಮನೆಯಿಂದ ನಡೆದು ಹದಿನೈದು ನಿಮಿಷ ಅಥವಾ ಸ್ಕೂಟರಿನಲ್ಲಿ ಹತ್ತು ನಿಮಿಷ, ಅದಕ್ಕಿಂತ ಆಚೆಗೆ ಇರುವುದನ್ನು ಪಟ್ಟಿಯಿಂದ ತೆಗೆದುಬಿಡಿ. ನಕ್ಷೆಯಲ್ಲಿ ಕಾಣುವ ಮೂರು ಕಿಲೋಮೀಟರ್ ಭಾನುವಾರದ್ದು. ಸಿಲ್ಕ್ ಬೋರ್ಡ್ ಅಥವಾ ಹೆಬ್ಬಾಳದ ಕಡೆ ಬೆಳಿಗ್ಗೆ ಒಂಬತ್ತಕ್ಕೆ ಅದೇ ಮೂರು ಕಿಲೋಮೀಟರ್ ಬೇರೆಯೇ ಆಗಿರುತ್ತದೆ. ಆದ್ದರಿಂದ ಕೆಲಸದ ದಿನ, ಮಗುವನ್ನು ಬಿಡುವ ಹೊತ್ತಿನಲ್ಲಿಯೇ, ಸಾಧ್ಯವಾದರೆ ಮಳೆ ಬಂದ ದಿನ ಒಮ್ಮೆ ಆ ದಾರಿಯಲ್ಲಿ ಹೋಗಿ ಬನ್ನಿ. ಮಗುವಿಗೆ ಜ್ವರ ಎಂದು ಹನ್ನೊಂದು ಗಂಟೆಗೆ ಫೋನ್ ಬಂದರೆ ಇಪ್ಪತ್ತು ನಿಮಿಷದಲ್ಲಿ ಅಲ್ಲಿರಬಲ್ಲವರು ಯಾರು ಎಂಬುದನ್ನೂ ಈಗಲೇ ಗೊತ್ತುಮಾಡಿಕೊಳ್ಳಿ. ಅಜ್ಜಿ ತಾತ ಕರೆದುಕೊಂಡು ಬರುವುದಾದರೆ ರಸ್ತೆ ದಾಟುವ ಜಾಗವನ್ನು ಅವರ ಕಣ್ಣಿನಿಂದ ನೋಡಿ.

ಈ ದೂರದೊಳಗೆ ಇರುವ ಎಲ್ಲವನ್ನೂ, ಬೋರ್ಡ್ ಇಲ್ಲದ ಅಂಗನವಾಡಿಯನ್ನೂ ಸೇರಿಸಿ, ಪಟ್ಟಿ ಮಾಡಿದರೆ ಸಾಮಾನ್ಯವಾಗಿ ಐದಾರು ಹೆಸರು ಸಿಗುತ್ತವೆ. ಅಷ್ಟು ಸಾಕು.

ಮೂರನೆಯ ಹಂತ: ಬೋರ್ಡಿನ ಮೇಲಿನ ಪದವನ್ನು ಬಿಡಿಸಿ ನೋಡುವುದು

ಬೆಂಗಳೂರಿನ ಬೋರ್ಡುಗಳಲ್ಲಿ ಅತಿ ಹೆಚ್ಚು ಕಾಣುವ ಪದ ‘ಮಾಂಟೆಸರಿ’. ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ 1907ರಲ್ಲಿ ರೋಮ್‌ನಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದರು. 1939ರಲ್ಲಿ ಮದರಾಸಿನ ಅಡಯಾರಿಗೆ ತರಬೇತಿ ಕೊಡಲು ಬಂದವರು ಯುದ್ಧದ ಕಾರಣ ವರ್ಷಗಟ್ಟಲೆ ಇಲ್ಲಿಯೇ ಉಳಿದರು. ದಕ್ಷಿಣ ಭಾರತದಲ್ಲಿ ಈ ಪದ್ಧತಿ ಬೇರೂರಲು ಆ ವರ್ಷಗಳ ಪಾಲು ದೊಡ್ಡದು. ಆದರೆ ಆ ಹೆಸರನ್ನು ಬೋರ್ಡಿನ ಮೇಲೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಹಾಗಾಗಿ ಒಳಗೆ ಹೋಗಿ ನಾಲ್ಕು ವಿಷಯ ನೋಡಬೇಕು.

ನಿಜವಾದ ಮಾಂಟೆಸರಿ ಪರಿಸರದಲ್ಲಿ ಎರಡೂವರೆಯಿಂದ ಆರು ವರ್ಷದವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ಚಿಕ್ಕವರು ದೊಡ್ಡವರನ್ನು ನೋಡಿ ಕಲಿಯುತ್ತಾರೆ. ಎಂ1, ಎಂ2, ಎಂ3 ಎಂದು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದ್ದರೆ ಅದು ಹೆಸರು ಬದಲಿಸಿದ ನರ್ಸರಿ. ಸಾಮಗ್ರಿಗಳು ಮಗುವಿನ ಕೈಗೆ ಎಟುಕುವ ತೆರೆದ ಕಪಾಟಿನಲ್ಲಿ ಇರಬೇಕು. 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗಿನ ಹತ್ತು ಮರದ ಘನಗಳ ಗುಲಾಬಿ ಗೋಪುರ ಬೀರುವಿನ ಮೇಲೆ ದೂಳು ತಿನ್ನುತ್ತಿದ್ದರೆ ಅದು ಬಂದವರಿಗೆ ತೋರಿಸುವ ವಸ್ತು ಎಂದರ್ಥ. ಬೆಲ್ ಹೊಡೆಯದೆ ಎರಡು ಮೂರು ಗಂಟೆ ಸತತವಾಗಿ ಮಗು ತಾನೇ ಆರಿಸಿದ ಕೆಲಸದಲ್ಲಿ ತೊಡಗಲು ಬಿಡುತ್ತಾರೆಯೇ ಎಂದು ಕೇಳಬೇಕು. ನಾಲ್ಕನೆಯದು ನನ್ನ ಸ್ವಂತ ಪರೀಕ್ಷೆ: ‘ಕನ್ನಡದ ಮರಳುಕಾಗದದ ಅಕ್ಷರಗಳು ಇವೆಯೇ, ತೋರಿಸುತ್ತೀರಾ?’ ಎಂದು ಕೇಳುತ್ತೇನೆ. ಮಗು ಬೆರಳಿನಿಂದ ಸವರಿ ಅಕ್ಷರದ ತಿರುವನ್ನು ಕಲಿಯುವ ಈ ಹಲಗೆಗಳನ್ನು ಇಂಗ್ಲಿಷಿನಲ್ಲಿ ಮಾತ್ರ ಇಟ್ಟು, ಕನ್ನಡಕ್ಕೆ ಕಾಪಿ ಪುಸ್ತಕ ಕೊಟ್ಟ ಎರಡು ಜಾಗಗಳನ್ನು ನಾನು ಕಂಡಿದ್ದೇನೆ. ತರಬೇತಿ ಎಲ್ಲಿ ಆಯಿತೆಂದು ಕೇಳಲೂ ಸಂಕೋಚ ಬೇಡ. ಇಂಡಿಯನ್ ಮಾಂಟೆಸರಿ ಸೆಂಟರ್‌ನಂತಹ ತರಬೇತಿ ಸಂಸ್ಥೆ ಬೆಂಗಳೂರಿನಲ್ಲಿಯೇ ಇರುವಾಗ ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಅಂದಹಾಗೆ, ನಮ್ಮ ಊರಿನ ಹಳೆಯ ಮಾಂಟೆಸರಿಗಳಲ್ಲಿ ಮಕ್ಕಳು ಟೀಚರನ್ನು ‘ಮಿಸ್’ ಎನ್ನದೆ ‘ಆಂಟಿ’ ಎಂದು ಕರೆಯುತ್ತಾರೆ, ಮೊದಲ ದಿನ ಗಾಬರಿಯಾಗಬೇಡಿ.

ಆಟದ ಮೂಲಕ ಕಲಿಸುತ್ತೇವೆ ಎನ್ನುವ ಪ್ಲೇಹೋಮ್‌ಗಳೂ, ಒಂದೇ ಹೆಸರಿನಲ್ಲಿ ಊರೆಲ್ಲ ಇರುವ ಫ್ರಾಂಚೈಸಿಗಳೂ ಇವೆ. ಫ್ರಾಂಚೈಸಿಯಲ್ಲಿ ಬೋರ್ಡು, ಪುಸ್ತಕ, ಸಮವಸ್ತ್ರ ಮಾತ್ರ ಕಂಪನಿಯದು. ನೇಮಕ, ಸಂಬಳ, ಸ್ವಚ್ಛತೆ ಎಲ್ಲವೂ ಆ ಶಾಖೆ ನಡೆಸುವವರ ಕೈಯಲ್ಲಿ ಇರುತ್ತದೆ. ಜಯನಗರದ ಶಾಖೆಯ ಬಗ್ಗೆ ಸ್ನೇಹಿತೆ ಹೇಳಿದ ಒಳ್ಳೆಯ ಮಾತು ಯಲಹಂಕದ ಶಾಖೆಗೆ ಅನ್ವಯಿಸುವುದಿಲ್ಲ.

ಅಂಗನವಾಡಿಯನ್ನು ಮಧ್ಯಮವರ್ಗದವರು ನೋಡದೆಯೇ ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಈ ಕೇಂದ್ರಗಳಲ್ಲಿ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವೂ ಬಿಸಿ ಆಹಾರವೂ ಉಚಿತವಾಗಿ ಸಿಗುತ್ತವೆ. ಹಾಡು, ಕತೆ, ಚಟುವಟಿಕೆಗಳ ‘ಚಿಲಿಪಿಲಿ’ ಪಠ್ಯಕ್ರಮ ಮೂರು ವರ್ಷದ ಮಗುವಿಗೆ ಕಾಪಿ ಬರೆಸುವ ಎಷ್ಟೋ ದುಬಾರಿ ನರ್ಸರಿಗಳಿಗಿಂತ ಮಗುವಿಗೆ ಹತ್ತಿರವಾಗಿದೆ. 2024ರಲ್ಲಿ ಬೆಂಗಳೂರಿನ ಆಯ್ದ ಅಂಗನವಾಡಿಗಳಲ್ಲಿ ‘ಸರ್ಕಾರಿ ಮಾಂಟೆಸರಿ’ ಎಂಬ ಹೆಸರಿನಲ್ಲಿ ಎಲ್‌ಕೆಜಿ, ಯುಕೆಜಿ ಆರಂಭವಾದವು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿಯೂ ಪೂರ್ವ ಪ್ರಾಥಮಿಕ ತರಗತಿಗಳಿವೆ. ಜಾಗ ಇಕ್ಕಟ್ಟು, ಕಾರ್ಯಕರ್ತೆಗೆ ಸಮೀಕ್ಷೆ, ಸಭೆ ಎಂದು ಬೇರೆ ಕೆಲಸಗಳ ಹೊರೆ, ಇವು ಅಲ್ಲಿನ ನಿಜವಾದ ತೊಂದರೆಗಳು. ಕೇಂದ್ರದಿಂದ ಕೇಂದ್ರಕ್ಕೆ ವ್ಯತ್ಯಾಸ ಬಹಳ. ನೋಡಿ ತೀರ್ಮಾನಿಸಿ.

ನಾಲ್ಕನೆಯ ಹಂತ: ಹತ್ತೂವರೆಯ ಭೇಟಿ

ಶಾಲೆಯವರು ಶನಿವಾರ ಬನ್ನಿ ಎನ್ನುತ್ತಾರೆ. ಶನಿವಾರ ಮಕ್ಕಳಿರುವುದಿಲ್ಲ, ಒರೆಸಿದ ನೆಲ, ಜೋಡಿಸಿದ ಆಟಿಕೆ, ನಗುಮುಖದ ಕೌನ್ಸೆಲರ್ ಇರುತ್ತಾರೆ. ನೀವು ವಾರದ ನಡುವೆ, ಮಂಗಳವಾರವೋ ಬುಧವಾರವೋ, ಬೆಳಿಗ್ಗೆ ಹತ್ತೂವರೆಗೆ ಬರುತ್ತೇನೆ ಎಂದು ಹೇಳಿ. ಆ ಹೊತ್ತಿಗೆ ಬೆಳಗಿನ ಹುರುಪು ಇಳಿದಿರುತ್ತದೆ, ತಿಂಡಿ ಡಬ್ಬಿಗಳು ತೆರೆಯುತ್ತಿರುತ್ತವೆ, ಶೌಚಾಲಯದ ಮುಂದೆ ಸಾಲು ಇರುತ್ತದೆ, ಒಬ್ಬರಾದರೂ ಅಳುತ್ತಿರುತ್ತಾರೆ. ಜಾಗದ ಗುಣ ತಿಳಿಯುವುದು ಆಗ. ತರಗತಿಯ ಒಳಗೆ ಬಿಡುವುದು ಬೇಡ, ಬಾಗಿಲ ಹೊರಗೆ ನಿಂತು ಇಪ್ಪತ್ತು ನಿಮಿಷ ನೋಡುತ್ತೇನೆ ಎಂದು ಕೇಳಿ. ಇದಕ್ಕೂ ಒಪ್ಪದಿದ್ದರೆ ನಮಸ್ಕಾರ ಹೇಳಿ ಬನ್ನಿ.

ರಾಜಾಜಿನಗರದಲ್ಲಿ ಹಳೆಯ ಮನೆಯೊಂದರಲ್ಲಿ ನಡೆಯುತ್ತಿದ್ದ ಚಿಕ್ಕ ಪ್ರಿ-ಸ್ಕೂಲಿಗೆ ಹೋದಾಗ ಮಕ್ಕಳು ವೃತ್ತಾಕಾರವಾಗಿ ಕುಳಿತು ಹಾಡುತ್ತಿದ್ದರು. ಒಬ್ಬ ಹುಡುಗ ಕುಳಿತಲ್ಲೇ ಚಡ್ಡಿ ಒದ್ದೆ ಮಾಡಿಕೊಂಡು ತಲೆ ಬಗ್ಗಿಸಿದ. ಟೀಚರ್ ಹಾಡು ನಿಲ್ಲಿಸಲಿಲ್ಲ, ಬಾಗಿಲ ಕಡೆ ಒಮ್ಮೆ ನೋಡಿದರು ಅಷ್ಟೆ. ಆಯಮ್ಮ ಬಂದು ಅವನ ಪಕ್ಕದಲ್ಲಿ ಕೂತು, ‘ಬಾ ಬಂಗಾರ, ಒಂದು ಕೆಲ್ಸ ಇದೆ, ನಂಗೆ ಸಹಾಯ ಮಾಡು’ ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಐದು ನಿಮಿಷದಲ್ಲಿ ಅವನು ಬೇರೆ ಚಡ್ಡಿಯಲ್ಲಿ ಬಂದು ಅದೇ ಜಾಗದಲ್ಲಿ ಕುಳಿತ. ಅಷ್ಟರಲ್ಲಿ ನೆಲ ಒರೆಸಿಯಾಗಿತ್ತು, ಯಾವ ಮಗುವೂ ನಗಲಿಲ್ಲ. ಅಲ್ಲಿ ಎಸಿ ಇರಲಿಲ್ಲ, ಗೋಡೆಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ತಂಗಿಯ ಮಗಳನ್ನು ಸೇರಿಸಿದ್ದು ಅಲ್ಲಿಗೇ. ನಾವು ಹಿಂದೆ ಬಿಡಿಸಿದ ಜಾಗದಲ್ಲಿ ಇದೇ ತರಹದ ಮಗುವೊಂದು ಬಾಗಿಲ ಬಳಿ ನಿಂತು ಅಳುತ್ತಿದ್ದಾಗ, ನಮಗೆ ಸ್ಮಾರ್ಟ್ ಬೋರ್ಡ್ ತೋರಿಸುತ್ತಿದ್ದವರು ಅದರ ಕಡೆ ತಿರುಗದೆಯೇ ‘ಎರಡು ದಿನದಲ್ಲಿ ಸರಿಹೋಗ್ತಾರೆ ಮೇಡಂ’ ಎಂದಿದ್ದರು. ಅಂದು ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆ ಇಪ್ಪತ್ತು ನಿಮಿಷದಲ್ಲಿ ದೊಡ್ಡವರ ತಲೆ ಮಗುವಿನ ತಲೆಯ ಎತ್ತರಕ್ಕೆ ಎಷ್ಟು ಸಲ ಇಳಿಯುತ್ತದೆ ಎಂದು ಗಮನಿಸಿ. ನಿಂತಲ್ಲಿಂದಲೇ ‘ಸಿಟ್ ಡೌನ್, ಫಿಂಗರ್ ಆನ್ ಯುವರ್ ಲಿಪ್ಸ್’ ಎನ್ನುವ ಧ್ವನಿ ಪದೇ ಪದೇ ಕೇಳಿದರೆ, ಮಕ್ಕಳು ಎಷ್ಟೇ ಶಿಸ್ತಾಗಿ ಕಂಡರೂ ಅದು ಹೆದರಿಕೆಯ ಶಿಸ್ತು. ಪಿನ್ನು ಬಿದ್ದರೂ ಕೇಳುವಷ್ಟು ಮೌನ ಇರುವ ಮೂರು ವರ್ಷದ ಮಕ್ಕಳ ತರಗತಿ ಸಹಜವಲ್ಲ. ಕಿರುಚಾಟದಲ್ಲಿ ಯಾರೂ ಯಾರಿಗೂ ಕೇಳಿಸದ ತರಗತಿಯೂ ಅಲ್ಲ. ಗೋಡೆಯ ಮೇಲಿನ ಚಿತ್ರಗಳನ್ನು ನೋಡಿ. ಇಪ್ಪತ್ತು ಆನೆಗಳಿಗೂ ಒಂದೇ ಬೂದು ಬಣ್ಣ, ಒಂದೇ ಅಂಚು ಇದ್ದರೆ ಅವನ್ನು ಬಿಡಿಸಿದ್ದು ಟೀಚರ್. ಒಂದು ಆನೆ ನೇರಳೆ, ಇನ್ನೊಂದಕ್ಕೆ ಐದು ಕಾಲು ಇದ್ದರೆ ಮಕ್ಕಳಿಗೆ ಕುಂಚ ಸಿಕ್ಕಿದೆ.

ತಲೆ ಎಣಿಸಲು ಮರೆಯಬೇಡಿ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಗುಣಮಟ್ಟದ ಪ್ರಕಾರ 3ರಿಂದ 6 ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು, ಅದಕ್ಕೂ ಚಿಕ್ಕವರಾದರೆ 10 ಮಕ್ಕಳಿಗೆ ಒಬ್ಬರು ಇರಬೇಕು. 30 ಮಕ್ಕಳ ಗುಂಪಿಗೆ ಕನಿಷ್ಠ 35 ಚದರ ಮೀಟರ್‌ನ ಕೋಣೆ ಮತ್ತು ಹೊರಗೆ ಆಡಲು 30 ಚದರ ಮೀಟರ್ ಜಾಗ ಬೇಕು. ಕಾರ್ಯಕ್ರಮ ದಿನಕ್ಕೆ 3-4 ಗಂಟೆಯದಾಗಿರಬೇಕು. ಇದು ಕನಿಷ್ಠ ಮಿತಿ. ನನ್ನ ಅಭಿಪ್ರಾಯದಲ್ಲಿ ಮೂರು ವರ್ಷದವರ ತರಗತಿಯಲ್ಲಿ 15 ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಮ್ಮ ಇದ್ದರೆ ನೆಮ್ಮದಿ. ಅನುಪಾತ ಕೇಳಿದಾಗ ಶಾಲೆಯವರು ಗುಮಾಸ್ತೆಯನ್ನೂ ಸಂಗೀತದ ಮೇಷ್ಟ್ರನ್ನೂ ಸೇರಿಸಿ ಭಾಗಿಸುವುದುಂಟು, ಆದ್ದರಿಂದ ಕೋಣೆಯೊಳಗೆ ಇರುವವರನ್ನು ಮಾತ್ರ ನೀವೇ ಎಣಿಸಿ.

ಹೊರಡುವಾಗ ಆಯಮ್ಮನ ಜೊತೆ ಎರಡು ಮಾತಾಡಿ. ‘ಎಷ್ಟು ವರ್ಷದಿಂದ ಇದ್ದೀರಮ್ಮ ಇಲ್ಲಿ?’ ಎಂಬ ಪ್ರಶ್ನೆಗೆ ಬರುವ ಉತ್ತರ ಬ್ರೋಷರಿನ ಇಪ್ಪತ್ತು ಪುಟಕ್ಕಿಂತ ಹೆಚ್ಚು ಹೇಳುತ್ತದೆ. ಆಯಮ್ಮ ಆರು ವರ್ಷದಿಂದ, ಟೀಚರ್ ಮೂರು ವರ್ಷದಿಂದ ಇದ್ದರೆ ಆ ಸಂಸ್ಥೆ ತನ್ನವರನ್ನು ಸರಿಯಾಗಿ ನೋಡಿಕೊಳ್ಳುತ್ತಿದೆ. ಎಲ್ಲರೂ ಈ ಜೂನ್‌ನಲ್ಲಿ ಬಂದವರಾದರೆ ಮುಂದಿನ ಜೂನ್‌ಗೆ ನಿಮ್ಮ ಮಗು ಮತ್ತೆ ಹೊಸ ಮುಖಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ.

ಐದನೆಯ ಹಂತ: ಸಂಪು, ಮೆಟ್ಟಿಲು, ಗೇಟು

ಬೆಂಗಳೂರಿನ ಪ್ರಿ-ಸ್ಕೂಲುಗಳಲ್ಲಿ ಬಹಳಷ್ಟು ವಾಸದ ಮನೆಗಳಾಗಿದ್ದಂಥವು. 30x40ರ ಸೈಟಿನ ಮನೆಯನ್ನು ಬಾಡಿಗೆಗೆ ಹಿಡಿದು ಗೋಡೆಗೆ ಬಣ್ಣ ಬಳಿದರೆ ಶಾಲೆಯಾಗುತ್ತದೆ, ಆದರೆ ಮನೆಯ ಅಪಾಯಗಳು ಹಾಗೆಯೇ ಉಳಿದಿರುತ್ತವೆ. ಅವುಗಳಲ್ಲಿ ಮೊದಲನೆಯದು ಗೇಟಿನ ಒಳಗೇ ಇರುವ ನೀರಿನ ಸಂಪು. ಮುಚ್ಚಳ ತಗಡಿನದೋ ಕಬ್ಬಿಣದ್ದೋ, ತುಕ್ಕು ಹಿಡಿದಿದೆಯೇ, ಬೀಗ ಇದೆಯೇ, ಟ್ಯಾಂಕರ್ ಬಂದ ದಿನ ಅದನ್ನು ತೆರೆಯುವವರು ಯಾರು, ಆಗ ಮಕ್ಕಳು ಎಲ್ಲಿರುತ್ತಾರೆ ಎಂದು ಕೇಳಿ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಟ್ಯಾಂಕರ್ ಬರುವ ಬಡಾವಣೆಗಳಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಕಾಲಿನಿಂದ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿ. ಅಲುಗಾಡಿದರೆ ಉಳಿದದ್ದನ್ನು ನೋಡುವ ಅಗತ್ಯವಿಲ್ಲ.

ಮಹಡಿಯ ಮೇಲೆ ತರಗತಿ ಇದ್ದರೆ ಮೆಟ್ಟಿಲಿಗೆ ಮಗುವಿನ ಎತ್ತರದಲ್ಲಿ ಹಿಡಿದುಕೊಳ್ಳುವ ಕಂಬಿ, ಮೇಲೂ ಕೆಳಗೂ ಗೇಟು ಬೇಕು. ಬಾಲ್ಕನಿಯ ಸರಳುಗಳ ನಡುವೆ ಮಗುವಿನ ತಲೆ ತೂರಬಾರದು. ಇನ್ನೊಂದು ಮಾತು: ಕಿಟಕಿಗಳಿಗೆಲ್ಲ ಗ್ರಿಲ್ ಹಾಕಿ ಭದ್ರ ಮಾಡಿದ ಮನೆಯಲ್ಲಿ ಬೆಂಕಿ ಬಿದ್ದರೆ ಹೊರಬರಲು ಎರಡನೆಯ ದಾರಿ ಇರುವುದಿಲ್ಲ, ಅದು ಎಲ್ಲಿದೆ ಎಂದು ತೋರಿಸಲು ಹೇಳಿ. ಶೌಚಾಲಯದಲ್ಲಿ ಮೂಗಿಗಿಂತ ಮೊದಲು ಕಣ್ಣಿಗೆ ಕೆಲಸ ಕೊಡಿ: ಮಗುವಿನ ಅಳತೆಯ ಕಮೋಡ್, ಕೈಗೆ ಎಟುಕುವ ನಲ್ಲಿ, ಬಳಸಿ ಸವೆದ ಸೋಪು. ಹೊಚ್ಚ ಹೊಸ ಸೋಪು ನಿಮಗಾಗಿ ಇಟ್ಟದ್ದು.

ಸುರಕ್ಷತೆಯ ಇನ್ನೊಂದು ಮುಖವನ್ನು ಕೇಳಲು ನಾಚಿಕೆ ಪಡಬಾರದು. ಮಗುವನ್ನು ಶೌಚಕ್ಕೆ ಕರೆದೊಯ್ಯುವವರು ಯಾರು, ಅವರು ಮಹಿಳೆಯರೇ, ಚಾಲಕ ಕಾವಲುಗಾರರೂ ಸೇರಿ ಎಲ್ಲ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿದೆಯೇ, ಕರೆದುಕೊಂಡು ಹೋಗಲು ಬಂದವರ ಗುರುತನ್ನು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ? ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಬಗ್ಗೆ ಸಿಬ್ಬಂದಿಗೆ ತಿಳಿಸಲಾಗಿದೆಯೇ ಎಂದು ಕೇಳಿದಾಗ ಮುಖ್ಯಸ್ಥರು ಮುಖ ಗಂಟಿಕ್ಕಿದರೆ ಅದೇ ಒಂದು ಉತ್ತರ. ಸಿಸಿಟಿವಿ ಇರಲಿ, ಆದರೆ ತರಗತಿಯ ನೇರ ದೃಶ್ಯವನ್ನು ಎಲ್ಲ ಪಾಲಕರ ಮೊಬೈಲಿಗೆ ಕೊಡುವುದನ್ನು ನಾನು ಸೌಲಭ್ಯ ಎಂದು ಎಣಿಸುವುದಿಲ್ಲ. ನಿಮ್ಮ ಮಗುವನ್ನು ಅಷ್ಟು ಮನೆಗಳವರು ನೋಡುತ್ತಿರುತ್ತಾರೆ ಎಂದೂ ಅದಕ್ಕೆ ಅರ್ಥವಿದೆ. ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ಬರೆದಿದ್ದರೆ ಒಳ್ಳೆಯ ಲಕ್ಷಣ.

ಆರನೆಯ ಹಂತ: ಮುಖ್ಯಸ್ಥರೊಡನೆ ಮಾತು

ಇಲ್ಲಿ ‘ನಿಮ್ಮ ಪಠ್ಯಕ್ರಮ ಯಾವುದು?’ ಎಂದು ಕೇಳಿದರೆ ಬಾಯಿಪಾಠದ ಉತ್ತರ ಬರುತ್ತದೆ. ಸಂದರ್ಭ ಕೊಟ್ಟು ಕೇಳಿ: ಮಗು ಇನ್ನೊಂದು ಮಗುವನ್ನು ಕಚ್ಚಿದರೆ ಏನು ಮಾಡುತ್ತೀರಿ? ಡಬ್ಬಿಯ ಚಿತ್ರಾನ್ನವನ್ನು ಮಗು ಮುಟ್ಟದಿದ್ದರೆ ಒತ್ತಾಯಿಸಿ ತಿನ್ನಿಸುತ್ತೀರಾ, ಹಾಗೆಯೇ ವಾಪಸ್ ಕಳುಹಿಸುತ್ತೀರಾ? ಮಳೆಗಾಲದಲ್ಲಿ ಕೈ-ಕಾಲು-ಬಾಯಿ ರೋಗದ ಗುಳ್ಳೆ ಒಂದು ಮಗುವಿಗೆ ಕಂಡರೆ ಉಳಿದ ಪಾಲಕರಿಗೆ ಅದೇ ದಿನ ತಿಳಿಸುತ್ತೀರಾ? ಒಳ್ಳೆಯ ಶಾಲೆಯವರು ಇದಕ್ಕೆಲ್ಲ ಕಳೆದ ವಾರ ನಡೆದ ಒಂದು ಘಟನೆಯನ್ನೇ ಹೇಳುತ್ತಾರೆ. ‘ನಮ್ಮಲ್ಲಿ ಹಾಗೆ ಆಗುವುದೇ ಇಲ್ಲ’ ಎಂದರೆ ಅವರು ಮಕ್ಕಳನ್ನು ನೋಡುತ್ತಿಲ್ಲ, ಅಥವಾ ನಿಮಗೆ ನಿಜ ಹೇಳುತ್ತಿಲ್ಲ.

ಬರವಣಿಗೆಯ ಬಗ್ಗೆ ಸ್ಪಷ್ಟವಾಗಿ ಕೇಳಬೇಕು. 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರುತಿಸಿದೆ. ಆ ಹಂತಕ್ಕಾಗಿ 2022ರ ಅಕ್ಟೋಬರ್‌ನಲ್ಲಿ ಬಂದ ಪಠ್ಯಕ್ರಮ ಚೌಕಟ್ಟು 3ರಿಂದ 6 ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕ ಬೇಡವೆಂದೂ, ಪರೀಕ್ಷೆಗಳು ಈ ವಯಸ್ಸಿಗೆ ಸಲ್ಲವೆಂದೂ ಹೇಳುತ್ತದೆ. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕ ಮಕ್ಕಳಿಗೆ ಪುಸ್ತಕದ ಚೀಲವೇ ಇರಬಾರದು. ಮೂರು ವರ್ಷದ ಮಗುವಿನ ಬೆರಳಿನ ಸ್ನಾಯುಗಳು ಪೆನ್ಸಿಲ್ಲಿಗಿಂತ ಮೊದಲು ಹಿಟ್ಟು ನಾದುವುದು, ಮಣಿ ಪೋಣಿಸುವುದು, ಬಟನ್ ಹಾಕುವುದು, ಅವರೆಕಾಯಿ ಸುಲಿಯುವುದು ಇವುಗಳಿಂದ ಗಟ್ಟಿಯಾಗಬೇಕು. ನರ್ಸರಿಯಲ್ಲೇ ಒಂದರಿಂದ ನೂರು ಬರೆಸುತ್ತೇವೆ ಎಂದು ಹೆಮ್ಮೆಪಡುವವರು ನನ್ನ ಪಟ್ಟಿಯಿಂದ ಅಲ್ಲಿಯೇ ಹೊರಗೆ. ದುರದೃಷ್ಟವೆಂದರೆ ಬರೆಸಿ ಎಂದು ಒತ್ತಾಯಿಸುವವರಲ್ಲಿ ಪಾಲಕರೇ ಹೆಚ್ಚು, ಶಾಲೆಯವರು ಹೇಳುವ ಈ ದೂರಿನಲ್ಲಿ ಸತ್ಯವಿದೆ.

ಭಾಷೆಯ ವಿಷಯದಲ್ಲಿ ಶಾಲೆ ಕನ್ನಡ ಮಾಧ್ಯಮವೋ ಇಂಗ್ಲಿಷೋ ಎಂಬುದಕ್ಕಿಂತ, ಮನೆಯಲ್ಲಿ ಕನ್ನಡ ಮಾತ್ರ ಆಡಿದ ಮಗು ಬಾಯಾರಿಕೆಯಾದಾಗ ‘ನೀರು’ ಎಂದರೆ ಕೂಡಲೇ ನೀರು ಸಿಗುತ್ತದೆಯೇ ಎಂಬುದು ಮುಖ್ಯ. ‘ಸೇ ಇಟ್ ಇನ್ ಇಂಗ್ಲಿಷ್’ ಎಂದು ಕಾಯಿಸುವ ಜಾಗದಲ್ಲಿ ಮಗು ಮೊದಲು ಕಲಿಯುವುದು ಬಾಯಿ ಮುಚ್ಚಿಕೊಂಡಿರುವುದನ್ನು. ಹತ್ತೂವರೆಯ ಭೇಟಿಯಲ್ಲಿ ಕಿವಿಗೊಟ್ಟರೆ ಟೀಚರ್ ಹಾಡುವುದು ಇಂಗ್ಲಿಷಿನಲ್ಲಾದರೂ ಸಮಾಧಾನ ಮಾಡುವುದು ಯಾವ ಭಾಷೆಯಲ್ಲಿ ಎಂದು ತಿಳಿಯುತ್ತದೆ. ಕನ್ನಡದ ಕತೆ ಪುಸ್ತಕಗಳು ಮಕ್ಕಳ ಕೈಗೆ ಸಿಗುವಂತೆ ಇವೆಯೇ ಎಂದೂ ನೋಡಿ.

ಮಗುವಿಗೆ ಸಂದರ್ಶನ ಇದೆ ಎಂದರೆ ಹುಷಾರಾಗಿರಿ. ಪ್ರವೇಶಕ್ಕಾಗಿ ಮಗುವನ್ನಾಗಲಿ ಪಾಲಕರನ್ನಾಗಲಿ ಜರಡಿ ಹಿಡಿಯುವುದನ್ನು ಶಾಲೆಗಳಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಮಗುವಿನ ಅಭ್ಯಾಸ, ಅಲರ್ಜಿ, ನಿದ್ದೆಯ ಹೊತ್ತು ತಿಳಿಯಲು ನಿಮ್ಮೊಡನೆ ಅರ್ಧ ಗಂಟೆ ಮಾತಾಡುವುದು ಬೇರೆ; ಅದನ್ನು ಒಳ್ಳೆಯ ಶಾಲೆಗಳು ಮಾಡುತ್ತವೆ.

ಏಳನೆಯ ಹಂತ: ಹಣ ಮತ್ತು ಕಾಗದ

ಊರಿನಲ್ಲಿ ವಾರ್ಷಿಕ ಶುಲ್ಕ ಕೆಲವು ಸಾವಿರದಿಂದ ಲಕ್ಷ ದಾಟುವವರೆಗೂ ಇದೆ, ಹೆಚ್ಚು ಶುಲ್ಕ ಹೆಚ್ಚು ಗುಣಕ್ಕೆ ಗುರುತಲ್ಲ. ಪ್ರವೇಶ ಶುಲ್ಕ, ಬೋಧನಾ ಶುಲ್ಕ, ಕಿಟ್, ಸಮವಸ್ತ್ರ, ವಾರ್ಷಿಕೋತ್ಸವದ ಉಡುಪು, ಪ್ರವಾಸ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆಸಿ, ವರ್ಷದ ಒಟ್ಟು ಮೊತ್ತವನ್ನು ನೀವೇ ಕೂಡಿ. ಮಧ್ಯದಲ್ಲಿ ಬಿಡಿಸಿದರೆ ಎಷ್ಟು ಹಣ ವಾಪಸ್ ಬರುತ್ತದೆ ಎಂಬುದು ಬರವಣಿಗೆಯಲ್ಲಿ ಇರಲಿ. ನಾವು ಐದನೆಯ ತಿಂಗಳಲ್ಲಿ ಬಿಡಿಸಿದಾಗ ಎರಡನೆಯ ಕಂತಿನ ಒಂದು ರೂಪಾಯಿಯೂ ಬರಲಿಲ್ಲ. ‘ಬಾಯಿಮಾತಿನಲ್ಲಿ ಹೇಳಿದ್ದರಲ್ಲ’ ಎಂದರೆ ಹೇಳಿದವರು ಕೆಲಸ ಬಿಟ್ಟಿದ್ದರು.

ಶಾಲಾಪೂರ್ವ ಶಿಕ್ಷಣಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಬೋಧನಾ ಶುಲ್ಕದ ಮೇಲೆ ಜಿಎಸ್‌ಟಿ ಸೇರಿಸಿದ ರಸೀದಿ ಕೊಟ್ಟರೆ ಯಾಕೆಂದು ಕೇಳಿ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಇರುವವರಿಗೆ, ಇಬ್ಬರು ಮಕ್ಕಳವರೆಗೆ, ಪ್ಲೇ ಸ್ಕೂಲ್ ಮತ್ತು ನರ್ಸರಿಯ ಬೋಧನಾ ಶುಲ್ಕವೂ 1.5 ಲಕ್ಷ ರೂಪಾಯಿ ಮಿತಿಯ ಕಡಿತದಲ್ಲಿ ಸೇರುತ್ತದೆ. ಅಭಿವೃದ್ಧಿ ಶುಲ್ಕ, ದೇಣಿಗೆ ಸೇರುವುದಿಲ್ಲ. ಹಾಗಾಗಿ ರಸೀದಿಯಲ್ಲಿ ಬೋಧನಾ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸಲು ಹೇಳಿ. ಶಿಕ್ಷಣ ಇಲಾಖೆಯ ನೋಂದಣಿಯ ಪ್ರತಿಯನ್ನು ನೋಡಿ. ‘ಅರ್ಜಿ ಹಾಕಿದ್ದೇವೆ’ ಎಂದರೆ ನೋಂದಣಿ ಆಗಿಲ್ಲ ಎಂದರ್ಥ. ಫೋಟೋ, ವಿಡಿಯೋ ಜಾಹೀರಾತಿಗೆ ಬಳಸಬಹುದು ಎಂಬ ಸಾಲು ಅರ್ಜಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಒಪ್ಪಿಗೆಯಿಲ್ಲದಿದ್ದರೆ ಹೊಡೆದುಹಾಕಿ ಸಹಿ ಮಾಡಿ.

ವಾಹನ ಬೇಕಾಗುವವರು ಚಾಲಕನ ಜೊತೆಗೆ ಒಬ್ಬ ಮಹಿಳಾ ಸಹಾಯಕಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ನಂದಿಸುವ ಸಾಧನ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಚೀಲಗಳನ್ನು ಹೊರಗೆ ನೇತುಹಾಕಿ, ಚಾಲಕನ ಪಕ್ಕ ಇಬ್ಬರನ್ನು ಕೂರಿಸಿಕೊಂಡು ಹೋಗುವ ಆಟೋಗೆ ಮೂರು ವರ್ಷದ ಮಗುವನ್ನು ಹತ್ತಿಸುವುದಕ್ಕಿಂತ ಹತ್ತಿರದ ಸಾಧಾರಣ ಶಾಲೆಯೇ ಮೇಲು.

ಕೊನೆಯ ಹಂತ: ಮೊದಲ ಮೂರು ವಾರ

ಹಣ ಕಟ್ಟಿದ ಮೇಲೆ ಆಯ್ಕೆ ಮುಗಿಯಿತೆಂದು ತಿಳಿಯಬಾರದು. ಮೊದಲ ವಾರ ದಿನಕ್ಕೆ ಒಂದು ಗಂಟೆ, ನಂತರ ಎರಡು ಗಂಟೆ ಎಂದು ನಿಧಾನವಾಗಿ ಹೊತ್ತು ಹೆಚ್ಚಿಸುವ, ಅಮ್ಮನೋ ಅಜ್ಜಿಯೋ ಒಂದೆರಡು ದಿನ ಹೊರಗಿನ ಕೋಣೆಯಲ್ಲಿ ಕೂರಲು ಬಿಡುವ ಶಾಲೆ ಮಕ್ಕಳನ್ನು ಬಲ್ಲದು. ಹೇಳದೆ ಕದ್ದು ಹೋಗಬೇಡಿ. ‘ತಿಂಡಿ ಆದ ಮೇಲೆ ಅಜ್ಜಿ ಬರ್ತಾರೆ’ ಎಂದು ಹೇಳಿ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲಿ. ಬೆಳಿಗ್ಗೆ ಗೇಟಿನ ಬಳಿ ಅಳುವುದು ಸಹಜ, ಅದು ಎರಡು ಮೂರು ವಾರ ನಡೆಯಬಹುದು. ನೋಡಬೇಕಾದದ್ದು ಬಿಟ್ಟು ಹೋದ ಹತ್ತು ನಿಮಿಷದ ನಂತರ ಏನಾಗುತ್ತದೆ ಮತ್ತು ಕರೆದುಕೊಂಡು ಬರುವಾಗ ಮಗು ಹೇಗಿರುತ್ತದೆ ಎಂಬುದನ್ನು. ಮನೆಯಲ್ಲಿ ‘ಇವತ್ತು ಏನು ಕಲಿತೆ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ಇವತ್ತು ಯಾರು ಅತ್ತರು, ಆಂಟಿ ಏನು ಮಾಡಿದರು?’ ಎಂದು ಕೇಳಿದರೆ ಇಡೀ ತರಗತಿ ಕಣ್ಣ ಮುಂದೆ ಬರುತ್ತದೆ.

ತಿಂಗಳು ಕಳೆದರೂ ಮಗು ರಾತ್ರಿ ಬೆಚ್ಚಿ ಏಳುತ್ತಿದ್ದರೆ, ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಆರಂಭವಾದರೆ, ಒಬ್ಬ ವ್ಯಕ್ತಿಯ ಹೆಸರೆತ್ತಿದಾಗ ಮಾತ್ರ ಸುಮ್ಮನಾದರೆ, ಭಾನುವಾರ ಸಂಜೆಯೇ ಹೊಟ್ಟೆನೋವು ಬಂದರೆ, ಮೊದಲು ಟೀಚರ್ ಜೊತೆ ಕುಳಿತು ಮಾತಾಡಿ, ಮತ್ತೊಮ್ಮೆ ಹೇಳದೆ ಹತ್ತೂವರೆಗೆ ಹೋಗಿ ನೋಡಿ. ಆಗಲೂ ಸಮಾಧಾನವಾಗದಿದ್ದರೆ ಕಟ್ಟಿದ ಹಣದ ಲೆಕ್ಕ ಹಾಕುತ್ತ ಮಾರ್ಚ್‌ವರೆಗೆ ಕಾಯಬೇಡಿ. ನಿಮ್ಮ ಪಟ್ಟಿಯಲ್ಲಿ ಎರಡನೆಯ ಸ್ಥಾನದಲ್ಲಿದ್ದ ಶಾಲೆಯ ಫೋನ್ ನಂಬರನ್ನು ಅದಕ್ಕಾಗಿಯೇ ಆ ವರ್ಷ ಪೂರ್ತಿ ಉಳಿಸಿಕೊಂಡಿರಬೇಕು. ದಸರಾ ರಜೆ ಮುಗಿದ ಮೇಲೆ ಒಂದೆರಡು ಜಾಗ ಖಾಲಿಯಾಗುವುದು ಸಾಮಾನ್ಯ.